ಗಾಜಿನ ತೊಟ್ಟಿಗೂ ಒಬ್ಬ ನೀರುಗಂಟಿ ಬೇಕು

ನಮ್ಮ ಪರಿಗಿಯಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಸಮುದ್ರ ಹತ್ತಿರಹತ್ತಿರ 300 ಕಿ.ಮೀ. ದೂರ. ಉಪ್ಪುನೀರು ಅಂದರೆ ನಮಗೆ ಗೊತ್ತಿರುವುದು ಕೆಟ್ಟ ಬೋರಿನ ನೀರು ಅಷ್ಟೆ. ಹೀಗಿದ್ದರೂ ಹಿಂದೂಪುರದಲ್ಲಿರುವ ನನ್ನ ತಂಗಿಯ ಮಗ ನಡುಮನೆಯಲ್ಲಿ ಒಂದು ಸಮುದ್ರವನ್ನೇ ಕಟ್ಟಿಕೊಂಡಿದ್ದಾನೆ. ಆರ್.ಓ. ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂ ಉಪ್ಪು, ಎರಡು ಮೀನು, ನಾಲ್ಕು ತುಂಡು ಮೆತ್ತನೆಯ ಹವಳ. "ಮಾವ, ಹವಳ ಮುದುರಿಕೊಳ್ತಾ ಇದೆ, ದೊಡ್ಡ ಪಂಪು ತರಲಾ?" ಅಂದ. ಅವನು ಹೇಳಿದ ಬೆಲೆಗೆ ಒಂದು ಒಳ್ಳೆ ಮೇಕೆ ಬರುತ್ತದೆ.

ಕೆರೆ ಕೆಳಗೆ ಬೇಸಾಯ ಮಾಡಿದವರಿಗೆ ಈ ರೋಗದ ಗುರುತು ಬೇಗ ಸಿಗುತ್ತದೆ. ಕೆರೆ ತುಂಬಿರುತ್ತದೆ, ತೂಬಿನ ಪಕ್ಕದ ಗದ್ದೆ ಕೊಳೆಯುತ್ತದೆ, ಕೊನೆಯ ಗದ್ದೆ ಒಣಗುತ್ತದೆ. ಅಲ್ಲಿ ಕಮ್ಮಿ ಆಗಿರುವುದು ನೀರಲ್ಲ, ನೀರುಗಂಟಿಯ ಕೆಲಸ. ತೊಟ್ಟಿಯಲ್ಲೂ ಅಷ್ಟೆ. ಪಂಪಿನ ಬಾಯಿಯ ಎದುರು ಮರಳು ಹಾರುತ್ತಿತ್ತು, ಕಲ್ಲಿನ ಹಿಂದೆ ಹೊಲಸು ಕೂತಿತ್ತು.

ಹವಳ ಒಂದು ಪ್ರಾಣಿ. ಆದರೆ ಮೇವಿಗೆ ನಡೆದುಹೋಗಲು ಅದಕ್ಕೆ ಕಾಲಿಲ್ಲ. ಆಹಾರ, ಆಮ್ಲಜನಕ ಎರಡನ್ನೂ ನೀರೇ ತಂದುಕೊಡಬೇಕು, ಕಸವನ್ನು ನೀರೇ ಒಯ್ಯಬೇಕು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಬೆಳೆದ ಹವಳಕ್ಕೆ ಅಲೆ ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ಬಡಿಯುತ್ತದೆ. ಒಂದೇ ದಿಕ್ಕಿನಿಂದ ಬಿಡದೆ ಬೀಳುವ ಧಾರೆ ಅದರ ಮೈ ಸುಲಿಯುತ್ತದೆ. ಕನ್ನಡದ ಸುಳಿ ತೆಲುಗಿನಲ್ಲಿ ಸುಡಿ, ನಮ್ಮ ಮಡು ಅವರ ಮಡುಗು. ತೊಟ್ಟಿಗೆ ಬೇಕಾದದ್ದು ಸುಳಿ, ಬೇಡವಾದದ್ದು ಮಡು.

ಮೊದಲು ಕಾಸಿಲ್ಲದ ಕೆಲಸ. ಗಾಜಿಗೆ ಆನಿಸಿ ಗೋಡೆಯಂತೆ ಪೇರಿಸಿದ್ದ ಕಲ್ಲುಗಳನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದು, ನಡುವೆ ಸಂದು ಬಿಡಿಸಿದೆವು. ಪಂಪನ್ನು ಬಿಚ್ಚಿ, ನೀರು ಬೆರೆಸಿದ ವಿನೆಗರ್‌ನಲ್ಲಿ ಒಂದು ಗಂಟೆ ನೆನೆಹಾಕಿದರೆ ಸುಣ್ಣದ ಪೊರೆ ಕರಗಿಹೋಯಿತು. ಅರ್ಧ ಶಕ್ತಿ ಅಲ್ಲೇ ಕಟ್ಟಿಕೊಂಡಿತ್ತು. ಆಮೇಲೆ ಪಂಪಿನ ಬಾಯನ್ನು ಹವಳದ ಕಡೆಯಿಂದ ತಿರುಗಿಸಿ ಎದುರಿನ ಗಾಜಿಗೆ, ಸ್ವಲ್ಪ ಮೇಲ್ಮುಖವಾಗಿ ಇಟ್ಟೆವು. ಗಾಜಿಗೆ ಬಡಿದ ನೀರು ಚದುರಿ ವಾಪಸ್ಸು ಬರುತ್ತದೆ, ಮೇಲ್ಮೈಯ ಎಣ್ಣೆಪೊರೆ ಒಡೆಯುತ್ತದೆ. ಗಾಳಿ ನೀರಿಗೆ ಸೇರುವುದು ಆ ಮೇಲ್ಮೈಯಿಂದಲೇ. ಪರೀಕ್ಷೆಗೆ ಯಂತ್ರ ಬೇಡ. ಪ್ಲಾಸ್ಟಿಕ್ ಕಡ್ಡಿಯ ತುದಿಗೆ ಒಂದು ಎಳೆ ದಾರ ಕಟ್ಟಿ ಮೂಲೆ ಮೂಲೆಗೂ ಹಿಡಿಯಿರಿ. ದಾರ ಜೋಲುಬಿದ್ದ ಕಡೆ ಮಡು ಇದೆ.

ಇಷ್ಟಾದ ಮೇಲೂ ಸಾಲದಿದ್ದರೆ ಲೆಕ್ಕ ಹಾಕಿ. ಅವನ ತೊಟ್ಟಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಂದರೆ 6.75 ಘನ ಅಡಿ, 191 ಲೀಟರ್. ಕಲ್ಲು ಮರಳು ಕಳೆದರೆ 160 ಇರಬಹುದು. ಹವಳದ ತೊಟ್ಟಿಯಲ್ಲಿ ಗಂಟೆಗೆ ಕಡೇಪಕ್ಷ 20 ಸಲ ನೀರು ತಿರುಗಲಿ ಅನ್ನುವುದು ಸಾಕುವವರ ರೂಢಿ. ಹಾಗಾದರೆ 3,200 ಲೀಟರ್. ಅದನ್ನು ಒಂದೇ ದೊಡ್ಡ ಪಂಪಿನಿಂದ ತೆಗೆಯುವ ಬದಲು 1,600 ಲೀಟರಿನ ಎರಡು ಚಿಕ್ಕ ಫ್ಯಾನ್ ಮಾದರಿಯ ಪಂಪನ್ನು ಎದುರುಬದುರು ಇಡುವುದು ಮೇಲು. ಎರಡು ಧಾರೆ ನಡುವೆ ಡಿಕ್ಕಿ ಹೊಡೆದು ಸುಳಿ ತಾನೇ ಹುಟ್ಟುತ್ತದೆ. ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಅವನು ಇನ್ನೊಂದು ಚಿಕ್ಕದನ್ನು ತಂದ, ವಾರದಲ್ಲಿ ಹವಳ ಅರಳಿತು.

ಕೂಲರ್ ಪಂಪು ಅಗ್ಗ ಅಂತ ಹಾಕುವವರಿದ್ದಾರೆ. ಬೇಡ. ಅದರೊಳಗಿನ ಲೋಹ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ. ತಾಮ್ರ ಕರಗಿದರಂತೂ ಹವಳಕ್ಕೆ ವಿಷ. ಕರೆಂಟಿನ ಲೆಕ್ಕವನ್ನೂ ನೋಡಿ: 40 ವ್ಯಾಟಿನ ಪಂಪು ಹಗಲು ರಾತ್ರಿ ಓಡಿದರೆ ತಿಂಗಳಿಗೆ 28.8 ಯೂನಿಟ್, 10 ವ್ಯಾಟಿನದಾದರೆ 7.2. ಪಂಪಿನ ಶಾಖವೂ ನೀರಿಗೇ ಸೇರುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಅದೊಂದು ಕಮ್ಮಿ! ಉಪ್ಪುನೀರು ಕರೆಂಟಿಗೆ ಒಳ್ಳೆ ದಾರಿ. ವೈರು ಕೆಳಕ್ಕೆ ಜೋತುಬಿದ್ದು ಆಮೇಲೆ ಪ್ಲಗ್ಗಿಗೆ ಏರುವಂತಿರಲಿ. ಸೋರಿಕೆ ಆದರೆ ಕರೆಂಟು ಕಡಿಯುವ ಸ್ವಿಚ್ ಹಾಕಿಸದೆ ತೊಟ್ಟಿಗೆ ಕೈ ಇಡಬೇಡಿ.

ವ್ಯಾಪಾರಸ್ಥರಿಗೆ ಒಂದು ಮಾತು. ನಮ್ಮ ಸಮುದ್ರದ ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಬಿಲ್ಲಿಲ್ಲದೆ ಡಬ್ಬಿಯಲ್ಲಿ ಬಂದ ತುಂಡನ್ನು ಮುಟ್ಟಬೇಡಿ.

ಇನ್ನು ಕರೆಂಟು ಹೋದ ರಾತ್ರಿ. ಕತ್ತಲಲ್ಲಿ ಪಾಚಿಯೂ ಆಮ್ಲಜನಕ ಹೀರುತ್ತದೆ, ನೀರು ನಿಂತರೆ ಬೆಳಗಿನ ಜಾವಕ್ಕೆ ಮೀನು ಬಾಯಿ ಬಿಡುತ್ತದೆ. ಭೀಮವರಂ ಕಡೆಯ ಸಿಗಡಿ ಕೊಳಗಳಲ್ಲಿ ರಾತ್ರಿಯೆಲ್ಲ ಗಾಲಿ ಯಂತ್ರ ನೀರು ಚಿಮ್ಮಿಸುವುದು ಇದಕ್ಕೇ. ಮನೆಯ ತೊಟ್ಟಿಗೆ ಸೆಲ್ಲಿನಿಂದ ನಡೆಯುವ ಚಿಕ್ಕ ಗಾಳಿ ಪಂಪು ಸಾಕು. ಅದೂ ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಚೊಂಬು ತಗೊಂಡು, ತೊಟ್ಟಿಯ ನೀರನ್ನೇ ಎತ್ತಿ ಗೇಣುದ್ದ ಮೇಲಿಂದ ಮತ್ತೆ ತೊಟ್ಟಿಗೇ ಸುರಿಯುತ್ತಿರಿ, ಕಾಲು ಗಂಟೆಗೊಮ್ಮೆ ಹತ್ತಿಪ್ಪತ್ತು ಚೊಂಬು, ಕರೆಂಟು ಬರುವ ತನಕ.