ಎಷ್ಟು ಹೆಸರು, ಎಷ್ಟು ಓದುಗರು?

ಮೈಲಾರದ ಕಾರ್ಣಿಕವನ್ನು ಒಮ್ಮೆ ಕೇಳಿದವರು ಆ ನಿಶ್ಶಬ್ದವನ್ನು ಮರೆಯುವುದಿಲ್ಲ. ಭರತ ಹುಣ್ಣಿಮೆಯ ಹೊತ್ತಿನ ಜಾತ್ರೆ, ಹೂವಿನಹಡಗಲಿ ತಾಲ್ಲೂಕು, ಕಣ್ಣು ಹಾಯುವಷ್ಟೂ ಜನ. ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’ ಎಂದದ್ದೇ ತಡ, ಲಕ್ಷಾಂತರ ಮಂದಿ ಉಸಿರು ಬಿಗಿಹಿಡಿಯುತ್ತಾರೆ. ವರ್ಷದ ಭವಿಷ್ಯವೆಂದು ಒಂದೇ ಒಂದು ಸಾಲು ನುಡಿದು ಅವನು ಮೇಲಿನಿಂದ ಬೀಳುತ್ತಾನೆ. ಅಲ್ಲಿಗೆ ಮುಗಿಯಿತು. ಆದರೆ ಮರುದಿನ ಕೂಡ್ಲಿಗಿಯ ಚಹಾದಂಗಡಿಯಲ್ಲಿ, ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ, ಹರಪನಹಳ್ಳಿಯ ಬಸ್‌ನಿಲ್ದಾಣದಲ್ಲಿ ‘ಕಾರ್ಣಿಕ ಏನಾತು?’ ಎಂಬ ಮಾತು ಶುರುವಾಗುತ್ತದೆ. ಮಳೆಗೆ ಒಂದು ಅರ್ಥ, ಬೆಳೆಗೆ ಒಂದು ಅರ್ಥ, ರಾಜಕೀಯಕ್ಕೆ ಇನ್ನೊಂದು. ಆ ಸಾಲಿನ ಬಾಳಿಕೆಯನ್ನು ಜಾತ್ರೆಗೆ ನೆರೆದ ತಲೆಗಳ ಲೆಕ್ಕ ಹೇಳುವುದಿಲ್ಲ. ಎಷ್ಟು ದಿನ, ಎಷ್ಟು ಊರಲ್ಲಿ ಅದು ಜನರ ಬಾಯಲ್ಲಿತ್ತು ಎಂಬುದು ಹೇಳುತ್ತದೆ.

ಕೊಟ್ಟೂರು ಸೇರಿ ಈ ಐದು ತಾಲ್ಲೂಕುಗಳಲ್ಲಿ ಇ-ಮೇಲ್ ಮೂಲಕ ಓದುಗರನ್ನು ಕಟ್ಟಬೇಕೆಂದು ಹೊರಡುವ ಯಾರಿಗೇ ಆಗಲಿ, ನಾನು ಮೊದಲು ನೆನಪಿಸುವುದು ಇದನ್ನೇ. ನಾಟಕದ ತಂಡವಿರಬಹುದು, ರೈತರ ಕಂಪನಿಯಿರಬಹುದು, ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘವಿರಬಹುದು. ‘ಇ-ಮೇಲ್ ಯಾರ್ ನೋಡ್ತಾರ್ರಿ, ವಾಟ್ಸಾಪ್ ಐತಲ್ಲ’ ಎಂಬ ಮಾತು ಕೂಡಲೇ ಬರುತ್ತದೆ. ಅದು ಸುಳ್ಳಲ್ಲ. ಹಡಗಲಿ ಮಲ್ಲಿಗೆಯ ಇವತ್ತಿನ ದರ ತಿಳಿಯಬೇಕಾದವರಿಗೆ ಇ-ಮೇಲ್ ಕಳಿಸುವುದು ವ್ಯರ್ಥ. ಹೂವು ಸಂಜೆಯೊಳಗೆ ಬಾಡುತ್ತದೆ, ಸುದ್ದಿಯೂ ಅಷ್ಟೇ. ಆದರೆ ವಾಟ್ಸಾಪ್ ಗುಂಪಿಗೆ 1,024 ಜನರ ಮಿತಿಯಿದೆ, ಬೆಳಗಿನ ಶುಭಾಶಯಗಳ ನಡುವೆ ಒಳ್ಳೆಯ ಬರಹ ಮಧ್ಯಾಹ್ನಕ್ಕೆ ಕೊಚ್ಚಿಹೋಗುತ್ತದೆ. ಕೊಟ್ಟೂರು ಬಿಟ್ಟು ಬೆಂಗಳೂರು ಸೇರಿದ ಹುಡುಗಿ, ಹರಪನಹಳ್ಳಿಯಿಂದ ದುಬೈಗೆ ಹೋದ ಇಂಜಿನಿಯರ್, ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ವಿದ್ಯಾರ್ಥಿಗಳು: ಇವರಿಗೆ ಹದಿನೈದು ದಿನಕ್ಕೊಮ್ಮೆ ಊರಿನ ಒಂದು ಪತ್ರ ಬಂದರೆ, ಎತ್ತಿಟ್ಟು ರಾತ್ರಿ ಓದುತ್ತಾರೆ. ಇ-ಮೇಲ್ ಇಂಥವರಿಗೆ, ಇಂಥ ಓದಿಗೆ. ಯಾರಿಗೆ ಎಂಬುದು ಇಷ್ಟು ನಿಚ್ಚಳವಾದ ಮೇಲೆಯೇ ಎಷ್ಟು ಎಂಬ ಪ್ರಶ್ನೆ.

ಓದುಗರ ಲೆಕ್ಕ ಪತ್ರಿಕೆಯ ದಾರಿಯನ್ನೇ ಬದಲಿಸಿದ ಕತೆ ಕನ್ನಡದಲ್ಲಿ ಮೊದಲ ಪತ್ರಿಕೆಯಿಂದಲೇ ಆರಂಭವಾಗುತ್ತದೆ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ವರ್ಷ ತುಂಬುವುದರೊಳಗೆ, 1844ರಲ್ಲಿ, ಅದು ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಕರಾವಳಿಗೆ ಸೀಮಿತವಾಗದೆ ಕನ್ನಡ ನಾಡಿನ ಹೆಚ್ಚು ಓದುಗರನ್ನು ತಲುಪಬೇಕೆಂಬ ಆಸೆ ಅದರ ಹಿಂದಿತ್ತು. ನಮ್ಮ ಈ ಸೀಮೆ ಆಗ ಅದೇ ಬಳ್ಳಾರಿ ಜಿಲ್ಲೆಯದು. ಓದುಗರು ಇರುವಲ್ಲಿಗೆ ಹೆಸರನ್ನೂ ಊರನ್ನೂ ಬದಲಿಸಿಕೊಂಡು ಪತ್ರಿಕೆಯೇ ನಡೆದು ಬಂತು. ಈ ಕೆಚ್ಚು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಇನ್ನೊಂದು ಬಗೆಯ ಪಾಠ. ಚಂದಾ ಮೊದಲೇ ಕಟ್ಟಿದವರ ಮನೆಗೆ ವರ್ಷದ ಪುಸ್ತಕಗಳು. ಇಂಥ ಯೋಜನೆ ಉಳಿಯುವುದು ಮೊದಲ ವರ್ಷ ಸೇರಿದವರಿಂದಲ್ಲ, ಎರಡನೆಯ ವರ್ಷವೂ ಚಂದಾ ಕಟ್ಟಿದವರಿಂದ. ಮೊದಲ ಚಂದಾ ಸ್ನೇಹಕ್ಕೆ, ದಾಕ್ಷಿಣ್ಯಕ್ಕೆ ಬರಬಹುದು. ಎರಡನೆಯದು ಓದಿ ಮೆಚ್ಚಿದ್ದಕ್ಕೆ ಮಾತ್ರ ಬರುತ್ತದೆ. ಪತ್ರಿಕೆ ನಡೆಸಿದ ಯಾವ ಹಿರಿಯರನ್ನು ಕೇಳಿದರೂ ‘ಚಂದಾ ನವೀಕರಣ’ ಎಂಬ ಮಾತನ್ನು ನಿಟ್ಟುಸಿರಿನೊಂದಿಗೇ ಹೇಳುತ್ತಾರೆ.

ಹಾಗಾಗಿ ಗುರಿ ಇಡುವಾಗ ‘ಓದುಗರನ್ನು ಹೆಚ್ಚಿಸಬೇಕು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ಕಟ್ಟಿದ ರಂಗಭಾರತಿಯಂಥ ಒಂದು ತಂಡ ಹದಿನೈದು ದಿನಕ್ಕೊಂದು ಪತ್ರ ಕಳಿಸಲು ನಿರ್ಧರಿಸಿತು ಎಂದುಕೊಳ್ಳೋಣ. ಕೈಯಲ್ಲಿ 200 ವಿಳಾಸಗಳಿವೆ. ಯುಗಾದಿಯಿಂದ ಯುಗಾದಿಗೆ 500 ಆಗಬೇಕು. ವರ್ಷಕ್ಕೆ 26 ಪತ್ರ. ಪತ್ರಕ್ಕೆ 15 ಹೊಸಬರು ಸೇರಿದರೆ 390. ಆದರೆ ಪ್ರತಿ ಸಲವೂ ಮೂವರು ಬಿಟ್ಟುಹೋಗುತ್ತಾರೆ ಎಂದಿಟ್ಟುಕೊಂಡರೆ 78 ಕಳೆಯಬೇಕು. ಉಳಿಯುವುದು 512. ಈಗ ಗುರಿ ಕೈಗೆಟುಕುವ ರೂಪಕ್ಕೆ ಬಂತು: ಈ ಹದಿನೈದು ದಿನಗಳಲ್ಲಿ ಆ 15 ಜನ ಎಲ್ಲಿಂದ? ನಾಟಕದ ದಿನ ಬಾಗಿಲಲ್ಲಿ ಒಂದು ನೋಟ್‌ಬುಕ್ಕು, ಕೊಟ್ಟೂರು ಬಸವೇಶ್ವರನ ತೇರಿನ ದಿನ ಪುಸ್ತಕದ ಮಳಿಗೆಯಲ್ಲಿ ಒಂದು, ಕಾಲೇಜಿನಲ್ಲಿ ಒಂದು. ಬಿಟ್ಟುಹೋಗುವವರು ಮೂವರಿಂದ ಎಂಟಕ್ಕೆ ಏರಿದರೆ ಹೊಸಬರನ್ನು ಹುಡುಕುವುದನ್ನು ನಿಲ್ಲಿಸಿ, ಪತ್ರದಲ್ಲೇ ಏನು ಕೆಟ್ಟಿದೆ ಎಂದು ನೋಡಬೇಕು. ತೂತು ಬಿದ್ದ ಕೊಡಕ್ಕೆ ನೀರು ಸೇದುವ ಕಷ್ಟ ಈ ಬರದ ನಾಡಿನವರಿಗೆ ಹೇಳಿಕೊಡಬೇಕಿಲ್ಲ.

ನೋಟ್‌ಬುಕ್ಕಿನಲ್ಲಿ ವಿಳಾಸ ಬರೆಯುವವರು ಓದುಗರೇ ಆಗಿರಬೇಕು, ಅವರ ಕೈಬರಹವೇ ಆಗಿರಬೇಕು. ಯಾರದೋ ಮದುವೆಯ ಆಹ್ವಾನದ ಪಟ್ಟಿ, ಯಾವುದೋ ಸಂಘದ ಸದಸ್ಯರ ಪಟ್ಟಿ ತಂದು ಸುರಿದರೆ ಒಂದೇ ದಿನದಲ್ಲಿ 500 ದಾಟಬಹುದು. ಅದು ಓದುಗರ ಬಳಗವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಜೀವಾಳವೇ ಒಪ್ಪಿಗೆ. ಕಾನೂನಿಗಿಂತ ಮೊದಲು ಮರ್ಯಾದೆಯ ಪ್ರಶ್ನೆಯೂ ಇದೆ. ಕೇಳದವರ ಮನೆಗೆ ದಿನವೂ ಹೋಗಿ ಕೂರುವವರನ್ನು ನಾವು ಏನೆನ್ನುತ್ತೇವೆ?

ಜೀಮೇಲ್ ಕೂಡ ಅದನ್ನೇ ಅನ್ನುತ್ತದೆ. ಓದುಗರು ‘ಸ್ಪ್ಯಾಮ್’ ಎಂದು ದೂರುವ ಪ್ರಮಾಣ ಶೇ 0.3ನ್ನು ಮುಟ್ಟಬಾರದು ಎಂಬುದು ಅದರ ಸೂಚನೆ. 500 ಜನರಲ್ಲಿ ಇಬ್ಬರು ಆ ಗುಂಡಿ ಒತ್ತಿದರೆ ಶೇ 0.4 ಆಯಿತು! ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರು ಒಂದೇ ಒತ್ತಿಗೆ ಹೊರಹೋಗುವ ದಾರಿ ಇಡಲೇಬೇಕೆಂಬ ನಿಯಮ 2024ರಲ್ಲಿ ಬಂತು. ನೂರು ಜನರಿಗೆ ಕಳಿಸುವವರೂ ಇಟ್ಟರೆ ಒಳ್ಳೆಯದು. ಸುಲಭವಾಗಿ ಹೊರಹೋಗಲು ಬಿಟ್ಟವರ ಮೇಲೆ ಯಾರೂ ದೂರು ಹೇಳುವುದಿಲ್ಲ.

ಇನ್ನು ‘ಎಷ್ಟು ಜನ ತೆರೆದು ನೋಡಿದರು’ ಎಂಬ ಅಂಕಿ. ಪತ್ರ ಕಳಿಸುವ ಬಹುತೇಕ ಸೇವೆಗಳು ಇದನ್ನು ದೊಡ್ಡಕ್ಷರದಲ್ಲಿ ತೋರಿಸುತ್ತವೆ. ಹೊಸಬರು ದಿನಕ್ಕೆ ಹತ್ತು ಸಲ ಅದನ್ನೇ ನೋಡುತ್ತಾರೆ. ಪತ್ರದೊಳಗೆ ಕಣ್ಣಿಗೆ ಕಾಣದ ಒಂದು ಪುಟಾಣಿ ಚಿತ್ರವಿರುತ್ತದೆ, ಅದು ಫೋನಿಗೆ ಇಳಿದರೆ ‘ತೆರೆದರು’ ಎಂದು ಲೆಕ್ಕ. 2021ರಲ್ಲಿ ಆಪಲ್ ತನ್ನ ಮೇಲ್ ಬಳಸುವವರ ಖಾಸಗಿತನ ಕಾಯಲು ಹೊಸ ವ್ಯವಸ್ಥೆ ತಂದಿತು. ಅದನ್ನು ಒಪ್ಪಿಕೊಂಡವರ ಪತ್ರದ ಚಿತ್ರಗಳು, ಅವರು ಪತ್ರ ತೆರೆಯಲಿ ಬಿಡಲಿ, ಮೊದಲೇ ಇಳಿದುಬಿಡುತ್ತವೆ. ಇನ್ನೊಂದೆಡೆ, ಚಿತ್ರಗಳನ್ನು ತಡೆಹಿಡಿದು ಅಕ್ಷರವನ್ನು ಮಾತ್ರ ಓದುವವರು ಲೆಕ್ಕಕ್ಕೇ ಸಿಗುವುದಿಲ್ಲ. ಹೀಗೆ ಓದದವನು ಓದುಗನಾಗಿ, ಓದಿದವನು ಇಲ್ಲವಾಗಿ ಕಾಣುವ ಅಂಕಿಯ ಮೇಲೆ ವರ್ಷದ ಗುರಿ ಇಡುವುದು ಸಲ್ಲದು. ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸಿ ನೋಡಲು ಅಡ್ಡಿಯಿಲ್ಲ, ಅಷ್ಟೇ.

ಕನ್ನಡದಲ್ಲಿ ಬರೆಯುವವರಿಗೆ ಬೇರೊಂದು ತೊಡಕಿದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಂಗ್ಲಿಷಿನ ಒಂದು ಅಕ್ಷರ ಕಂಪ್ಯೂಟರಿನಲ್ಲಿ ಒಂದು ಬೈಟ್ ಜಾಗ ಹಿಡಿದರೆ, ಯುನಿಕೋಡ್ ಕನ್ನಡದ ಪ್ರತಿ ವ್ಯಂಜನ, ಒತ್ತು ಮೂಡಿಸುವ ಚಿಹ್ನೆ, ಗುಣಿತ ಎಲ್ಲವೂ ಮೂರು ಮೂರು ಬೈಟ್. ‘ಕೊಟ್ಟೂರು’ ಎಂದು ಬರೆದರೆ 24 ಬೈಟ್. ಅದೇ ಹೆಸರು ಇಂಗ್ಲಿಷಿನಲ್ಲಿ Kottur ಎಂದು ಆರು ಅಕ್ಷರಗಳಲ್ಲಿ ಆರು ಬೈಟ್‌ಗೆ ಮುಗಿಯುತ್ತದೆ. ಪತ್ರ ಸುಮಾರು 102 ಕಿಲೋಬೈಟ್ ದಾಟಿದರೆ ಜೀಮೇಲ್ ಬಾಲವನ್ನು ಕತ್ತರಿಸಿ ಮಡಚಿಡುತ್ತದೆ. ಕೊನೆಯಲ್ಲಿ ‘ನಿಮ್ಮ ಅಭಿಪ್ರಾಯ ಬರೆಯಿರಿ’ ಎಂದು ಅಕ್ಕರೆಯಿಂದ ಕೇಳಿದ್ದರೆ ಅದೂ ಮಡಿಕೆಯೊಳಗೆ. ಉತ್ತರ ಬರಲಿಲ್ಲವೆಂದು ಓದುಗರನ್ನು ದೂರುವ ಮುನ್ನ ಇದನ್ನು ನೋಡಬೇಕು. ನಾಲ್ಕು ಲೇಖನ ತುರುಕುವ ಬದಲು ಒಂದನ್ನು ಕಳಿಸಿ. ಕೇಳುವುದನ್ನು ಮೊದಲ ಪರಿಚ್ಛೇದದಲ್ಲೇ ಕೇಳಿ.

ಹೆಸರುಗಳ ಲೆಕ್ಕಕ್ಕೂ ಓದಿನ ಲೆಕ್ಕಕ್ಕೂ ಇರುವ ಅಂತರ ಕಾಣಬೇಕಿದ್ದರೆ ಹತ್ತಿರದ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಬಹುದು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಅಭಿಯಾನ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಬಹಳ ಒಳ್ಳೆಯ ಕೆಲಸ. ಸದಸ್ಯರ ಸಂಖ್ಯೆ ರಿಜಿಸ್ಟರಿನಲ್ಲಿ ಸಿಗುತ್ತದೆ. ಓದು ಸಿಗುವುದು ಮಕ್ಕಳು ಮನೆಗೆ ಒಯ್ದು ತಂದ ಪುಸ್ತಕಗಳ ತಾರೀಕುಗಳಲ್ಲಿ.

ಈ ಭಾಗದವರಿಗೆ ವಿಳಾಸ ಬದಲಾಗುವ ಅನುಭವವೂ ಇದೆ. ಹರಪನಹಳ್ಳಿಯವರು ಬಳ್ಳಾರಿ ಜಿಲ್ಲೆ ಎಂದು ಬರೆಯುತ್ತಿದ್ದವರು 1997ರಿಂದ ದಾವಣಗೆರೆ ಎಂದು ಬರೆದರು, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಇಷ್ಟೆಲ್ಲ ಆದರೂ 583ರಿಂದ ಶುರುವಾಗುವ ಪಿನ್‌ಕೋಡ್ ಅಲ್ಲೇ ಇತ್ತು. ಇ-ಮೇಲ್ ವಿಳಾಸಕ್ಕೆ ಜಿಲ್ಲೆಯೇ ಇಲ್ಲ, ಆದರೆ ಅದಕ್ಕೂ ಸಾವಿದೆ. ಕಾಲೇಜು ಬಿಟ್ಟವರು, ಕೆಲಸ ಬದಲಿಸಿದವರು ಹಳೆಯ ವಿಳಾಸವನ್ನು ಅನಾಥವಾಗಿ ಬಿಟ್ಟುಹೋಗುತ್ತಾರೆ. ಆರು ತಿಂಗಳು ಯಾವ ಸುಳಿವೂ ಇಲ್ಲದವರಿಗೆ ‘ಇನ್ನೂ ಕಳಿಸೋಣವೇ?’ ಎಂದು ಒಮ್ಮೆ ಕೇಳಿ, ಉತ್ತರವಿಲ್ಲದಿದ್ದರೆ ಹೆಸರು ತೆಗೆಯಬೇಕು. 512 ಇದ್ದದ್ದು 430ಕ್ಕೆ ಇಳಿಯಬಹುದು. ಮನಸ್ಸಿಗೆ ನೋವಾಗುತ್ತದೆ. ಆದರೂ ತೆಗೆಯಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಅಂಕಿ ಮರಳಿ ಬರೆದವರದು. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಇದಕ್ಕೆ ನಮ್ಮ ನಡುವಿನ ದೊಡ್ಡ ಉದಾಹರಣೆ. ಶ್ರೀ ಪಡ್ರೆ ಮತ್ತು ಗೆಳೆಯರು ‘ಕೃಷಿಕರ ಕೈಗೆ ಲೇಖನಿ’ ಎಂದು ಹೊರಟರು. ಚಂದಾ ಕಟ್ಟಿದ ರೈತರೇ ತಮ್ಮ ತೋಟದ ಅನುಭವ ಬರೆದರು. ತಾವು ಬರೆದ ಪತ್ರಿಕೆಯನ್ನು ಬಿಟ್ಟುಹೋಗುವ ಓದುಗರು ಕಡಿಮೆ.

ಕೂಡ್ಲಿಗಿ ಸೀಮೆಯಿಂದ ಹೊರಡುವ ಪತ್ರ ಇಲ್ಲಿಯವರು ಬೇಡವೆಂದರೂ ಉತ್ತರಿಸುವ ಪ್ರಶ್ನೆ ಕೇಳಲಿ. ಮುಂಗಾರಿನ ಮೊದಲ ವಾರದ ಪತ್ರದಲ್ಲಿ, ಎಲ್ಲಕ್ಕೂ ಮೊದಲು, ಒಂದೇ ಸಾಲು: ‘ನಿಮ್ಮೂರಲ್ಲಿ ಮಳಿ ಆತೇನು, ಎಷ್ಟಾತು?’ 500ರಲ್ಲಿ 25 ಜನ ಉತ್ತರ ಬರೆಯಲಿ ಎಂಬುದು ಗುರಿ. ಬೆಂಗಳೂರಿನಲ್ಲಿರುವ ಮಗಳು ಹಡಗಲಿಯ ಅಪ್ಪನಿಗೆ ಫೋನ್ ಮಾಡಿ ಕೇಳಿ ಬರೆಯಲಿ. ಬಂದ ಉತ್ತರಗಳನ್ನು ಊರುಗಳ ಹೆಸರಿನ ಸಮೇತ ಮುಂದಿನ ಪತ್ರದಲ್ಲಿ ಹಾಕಿ, ತಮ್ಮೂರ ಹೆಸರಿಲ್ಲದವರು ಆಗ ಏನು ಮಾಡುತ್ತಾರೆ ನೋಡಿ.