ಧರ್ಮಕೇಂದ್ರದ ಪತ್ರಿಕೆಯಲ್ಲಿ ನಗೆಗೆ ಸ್ಥಳವುಂಟೆ?

ವಾರ್ಷಿಕ ಹಬ್ಬದ ಸ್ಮರಣ ಸಂಚಿಕೆಯಾಗಲಿ, ಧರ್ಮಕೇಂದ್ರದ ಕಿರುಪತ್ರಿಕೆಯಾಗಲಿ ಸಿದ್ಧವಾಗುವ ಹೊತ್ತಿಗೆ ನಮ್ಮಲ್ಲಿ ಒಂದು ಚರ್ಚೆ ಏಳುವುದುಂಟು. ನಗೆಬರಹಕ್ಕೆ ಅರ್ಧ ಪುಟವಾದರೂ ಬೇಕೆಂದು ಯುವಜನರು ಕೇಳುತ್ತಾರೆ. ಬಲಿಪೂಜೆಯ ವೇಳೆ, ಪ್ರಾರ್ಥನೆ, ಮರಣವಾರ್ತೆಗಳಿರುವ ಹಾಳೆಯಲ್ಲಿ ವಿನೋದವೇಕೆಂದು ಹಿರಿಯರು ಆಕ್ಷೇಪಿಸುತ್ತಾರೆ. ಎರಡು ಮಾತಿನಲ್ಲೂ ಹುರುಳಿದೆ.

ಪವಿತ್ರ ಗ್ರಂಥವು ನಗೆಯನ್ನು ಹೊರಗಿಟ್ಟಿಲ್ಲ. ಮುಪ್ಪಿನಲ್ಲಿ ಮಗುವಾಗುವುದೆಂಬ ವಾಗ್ದಾನವನ್ನು ಕೇಳಿ ಸಾರಾ ನಕ್ಕಳು. ಆ ಮಗನಿಗೆ ಬಂದ ಇಸಾಕನೆಂಬ ಹೆಸರಿನಲ್ಲೇ ನಗುವಿನ ಅರ್ಥವಿದೆ. ಸೊಳ್ಳೆಯನ್ನು ಸೋಸಿ ಒಂಟೆಯನ್ನೇ ನುಂಗುವವರ ಚಿತ್ರವನ್ನು ಪ್ರಭು ಯೇಸು ಬಿಡಿಸಿದಾಗ, ಕೇಳುತ್ತಿದ್ದ ಜನರ ತುಟಿಯಂಚಿನಲ್ಲಿ ನಗು ಮೂಡದಿದ್ದೀತೆ? ಆದರೆ ಆ ಮಾತು ತಾಗಿದ್ದು ಗದ್ದುಗೆಯಲ್ಲಿದ್ದ ಶಾಸ್ತ್ರಿಗಳಿಗೆ, ಬಾಗಿಲಲ್ಲಿ ನಿಂತ ವಿಧವೆಗಲ್ಲ.

ಕಳಸದಿಂದ ಕುದುರೆಮುಖದ ಹಾದಿಯಾಗಿ ಘಟ್ಟವಿಳಿದರೆ ಕಾರ್ಕಳದ ಬಳಿ ಅತ್ತೂರು ಸಿಗುತ್ತದೆ. ಜನವರಿಯ ಸಾಂತ್‌ಮಾರಿಗೆ ನಮ್ಮ ಬೆಟ್ಟಗಳಿಂದಲೂ ಭಕ್ತಾದಿಗಳು ತೆರಳುವ, 2016ರಲ್ಲಿ ಬಸಿಲಿಕವೆಂಬ ಗೌರವ ಪಡೆದ ಆ ದೇವಾಲಯದ ಪಾಲಕರು ಸಂತ ಲಾರೆನ್ಸರು. 258ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದ ಇವರು, ಕಾದ ಕಬ್ಬಿಣದ ಮೇಲೆ ಮಲಗಿದ್ದಾಗಲೂ, ಒಂದು ಮಗ್ಗುಲು ಬೆಂದಿದೆ, ಹೊರಳಿಸಿರೆಂದು ವಿನೋದವಾಡಿದರೆಂಬುದು ಐತಿಹ್ಯ. ಹಾಸ್ಯಗಾರರೂ ಇವರನ್ನು ತಮ್ಮ ಪಾಲಕರೆಂದು ನೆನೆಯುತ್ತಾರೆ. ಧರ್ಮಸಭೆಯ ಸಂಪತ್ತನ್ನು ಒಪ್ಪಿಸೆಂದು ಅಧಿಕಾರಿ ಗದರಿಸಿದಾಗ, ಬಡವರನ್ನೂ ಅಂಗವಿಕಲರನ್ನೂ ಕರೆತಂದು ನಿಲ್ಲಿಸಿದರೆಂಬ ಕಥೆಯೂ ಉಂಟು. ಅಲ್ಲಿ ಪೇಚಿಗೆ ಸಿಲುಕಿದವನು ಅಧಿಕಾರಿ; ಬಡವರು ಸಂಪತ್ತೆನಿಸಿಕೊಂಡರು.

2025ರಲ್ಲಿ ದಿವಂಗತರಾದ ಜಗದ್ಗುರು ಫ್ರಾನ್ಸಿಸರು, 2018ರ ತಮ್ಮ ಪ್ರಬೋಧನಾ ಪತ್ರದಲ್ಲಿ ಹರ್ಷವನ್ನೂ ವಿನೋದ ಪ್ರಜ್ಞೆಯನ್ನೂ ಪಾವಿತ್ರ್ಯದ ಲಕ್ಷಣಗಳೊಂದಿಗೆ ಎಣಿಸಿದರು. 2024ರ ಜೂನ್ 14ರಂದು ನೂರಕ್ಕೂ ಹೆಚ್ಚು ಹಾಸ್ಯ ಕಲಾವಿದರನ್ನು ವ್ಯಾಟಿಕನ್‌ಗೆ ಬರಮಾಡಿಕೊಂಡರು. ಪ್ರೀತಿಸುವವರೊಡನೆ ಸಲುಗೆಯಿಂದ ನಗುವಂತೆ ದೇವರ ವಿಷಯದಲ್ಲಿಯೂ ನಗಬಹುದು, ಆದರೆ ವಿಶ್ವಾಸಿಗಳ, ವಿಶೇಷವಾಗಿ ಬಡವರ ಭಾವನೆಗೆ ನೋವಾಗಬಾರದು ಎಂಬುದು ಅಂದು ಅವರು ನೀಡಿದ ಸಂದೇಶದ ಸಾರ.

ಬಡವರ ಕುರಿತಾದ ಆ ಎಚ್ಚರಿಕೆ ಕಾಫಿ ಸೀಮೆಯ ನಮಗೆ ಹೆಚ್ಚು ಅನ್ವಯಿಸುತ್ತದೆ. 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರದಲ್ಲಿ ಕೊಂಕಣಿ ಮಾತಾಡುವವರು, ತಮಿಳು ಮಾತಾಡುವವರು, ಕನ್ನಡದವರು ಒಂದೇ ಪೀಠದ ಮುಂದೆ ಮಂಡಿಯೂರುತ್ತಾರೆ. ತೋಟದ ಮಾಲೀಕರೂ ರೈಟರೂ ಲೈನ್ ಮನೆಯ ಕೂಲಿಯವರೂ ಅಲ್ಲಿದ್ದಾರೆ. ಆದರೆ ಪತ್ರಿಕೆಯ ಲೇಖನಿ ಸಾಮಾನ್ಯವಾಗಿ ಓದು ಬಲ್ಲವರ ಕೈಯಲ್ಲಿರುತ್ತದೆ. ಕೂಲಿಯಾಳಿನ ತಮಿಳು ಬೆರೆತ ಕನ್ನಡ, ಅವನ ಕುಡಿತ, ಅವನ ಸಾಲ ನಗೆಹನಿಯಾದರೆ ಅವನು ಉತ್ತರ ಬರೆಯಲಾರ. ಬಲಿಪೂಜೆಯ ಬಳಿಕ ಅಂಗಳದಲ್ಲಿ ಆಡಿದ ಮಾತನ್ನು, ಎದುರಿನವರ ಮುಖ ಬಾಡಿದೊಡನೆ ಹಿಂದೆಗೆದುಕೊಳ್ಳಬಹುದು. ಅಚ್ಚಾದ ಮಾತಿಗೆ ಎದುರಿನವರ ಮುಖ ಕಾಣದು. ನೊಂದವನು ದೂರು ಹೇಳುವುದಿಲ್ಲ. ಮುಂದಿನ ಭಾನುವಾರ ಹಿಂದಿನ ಬೆಂಚಿಗೆ ಸರಿಯುತ್ತಾನೆ, ಅದರ ಮುಂದಿನ ಭಾನುವಾರ ಬಾರದೆಯೂ ಇರಬಹುದು.

ಹಾಗಾದರೆ ನಗೆ ಬೇಡವೆ? ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ (1980) ಇದೇ ನೆಲದಲ್ಲಿ ದಾರಿ ತೋರಿದೆ. ಅದರಲ್ಲಿ ಕಥೆ ಹೇಳುವ ಕೃಷಿಕ ತನ್ನನ್ನು ನಗೆಯಿಂದ ಹೊರಗಿಟ್ಟುಕೊಳ್ಳುವುದಿಲ್ಲ. ನಿಷ್ಪ್ರಯೋಜಕನಂತೆ ಕಾಣುವ ಹಳ್ಳಿಯ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ನಿಸರ್ಗವನ್ನು ಬಲ್ಲವನನ್ನು ಗುರುತಿಸುತ್ತಾರೆ. ನಗುತ್ತ ನಗುತ್ತಲೇ ಮಂದಣ್ಣ ನಮ್ಮ ಕಣ್ಣಲ್ಲಿ ದೊಡ್ಡವನಾಗುತ್ತಾನೆ.

ನಮ್ಮ ಪತ್ರಿಕೆಗಳಿಗೂ ಇದು ಮಾದರಿ. ಮುಗಿಯದ ಭಾಷಣಗಳು, ಕೈಕೊಡುವ ಧ್ವನಿವರ್ಧಕ, ಸಂಪಾದಕ ಮಂಡಳಿಯ ಗಡಿಬಿಡಿ, ಪಾಲನಾ ಸಮಿತಿಯ ಲೆಕ್ಕಾಚಾರ ಇವೆಲ್ಲ ನಗೆಗೆ ಯೋಗ್ಯವಾದವೇ. ಗುರುಗಳೂ ತಮ್ಮ ದೀರ್ಘ ಪ್ರಬೋಧನೆಯ ಬಗ್ಗೆ ತಾವೇ ನಾಲ್ಕು ಸಾಲು ಬರೆದರೆ ಅವರ ಗೌರವ ಕುಂದದು. ಪಾಪನಿವೇದನೆ, ಬಡತನ, ಭಾಷೆ, ಜಾತಿ, ಕಂಕಣಭಾಗ್ಯ ಕೂಡಿಬಾರದ ಮನೆಯ ಅಳಲು ಇವು ನಗೆಯ ಸರಕಾಗದಿರಲಿ. ಅಚ್ಚಿಗೆ ಕೊಡುವ ಮುನ್ನ, ಯಾರ ಕುರಿತು ಬರೆದಿದೆಯೋ ಅವರ ಮುಂದೆ ಅದನ್ನು ಓದಿ ನೋಡೋಣ. ಅವರೂ ಮನಸಾರೆ ನಕ್ಕರೆ ಆ ಅರ್ಧ ಪುಟಕ್ಕೆ ಹಿರಿಯರ ಒಪ್ಪಿಗೆಯೂ ದೊರೆತೀತು.