ಜಗಳ ಪಕ್ಕದ ಹಿಂಡಿನ ಮೇಲಲ್ಲ

ನೋಡಿ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಬಡವರ ಪಾಲಿಗೆ ಕುರಿ ಅಂದ್ರೆ ಬ್ಯಾಂಕ್ ಖಾತೆ. ಮಗಳ ಮದುವೆಗೆ ನಾಲ್ಕು ಮಾರ್ತಾರೆ, ಆಸ್ಪತ್ರೆ ಬಿಲ್ಲಿಗೆ ಎರಡು. ಆ ಖಾತೆಯನ್ನೇ ಖಾಲಿ ಮಾಡುವ ರೋಗ ನೀಲಿ ನಾಲಿಗೆ. ನಮ್ಮ ದೇಶದಲ್ಲಿ ಇದು ಮೊದಲು ವರದಿಯಾಗಿದ್ದು 1964ರಲ್ಲಿ, ಮಹಾರಾಷ್ಟ್ರದಿಂದ.

ಮೊದಲು ಜ್ವರ. ಆಮೇಲೆ ಮೂತಿ, ತುಟಿ ಊದುತ್ತೆ, ಜೊಲ್ಲು ಸುರಿಯುತ್ತೆ, ಬಾಯೊಳಗೆ ಹುಣ್ಣು. ಗೊರಸಿನ ಅಂಚು ಕೆಂಪಾಗಿ ಕುರಿ ಕುಂಟುತ್ತೆ. ಗಬ್ಬದ ಕುರಿ ಕಂದು ಹಾಕಬಹುದು. ಹೆಸರು ಹೀಗಿದ್ದರೂ ಎಲ್ಲ ಕುರಿಯ ನಾಲಿಗೆ ನೀಲಿ ಆಗಲ್ಲ. ಹಾಗಾಗಿ ಕಾಲುಬಾಯಿ ಜ್ವರ ಅಂದುಕೊಂಡು ಮೋಸ ಹೋಗೋರೇ ಜಾಸ್ತಿ.

'ಪಕ್ಕದವನ ಹಿಂಡಿಂದ ಅಂಟಿತು' ಅಂತ ಊರಲ್ಲಿ ಜಗಳ ಶುರುವಾಗುತ್ತೆ. ಆದರೆ ಇದು ಮುಖ್ಯವಾಗಿ ಕುರಿಯಿಂದ ಕುರಿಗೆ ತಾಗಿ ಹರಡುವ ರೋಗವಲ್ಲ. ಮನುಷ್ಯರಿಗೂ ಬರಲ್ಲ. ಹೊತ್ತು ತರೋದು ಕ್ಯೂಲಿಕಾಯ್ಡಿಸ್ ಎಂಬ, ಸೊಳ್ಳೆಗಿಂತ ಚಿಕ್ಕದಾದ ರಕ್ತ ಹೀರುವ ನೊಣ. ಒದ್ದೆ ಸಗಣಿ, ಕೆಸರಲ್ಲಿ ಹುಟ್ಟಿ, ಮುಸ್ಸಂಜೆ, ನಸುಕಿನಲ್ಲಿ ಕಚ್ಚುತ್ತೆ. ಕಾವೇರಿ, ಕಬಿನಿ, ಲಕ್ಷ್ಮಣತೀರ್ಥದ ನೀರು ಹರಿಯುವ ಈ ತಾಲ್ಲೂಕುಗಳಲ್ಲಿ ಮಳೆ ಮುಗಿದ ಮೇಲೆ ಅದಕ್ಕೆ ಸುಗ್ಗಿ. ಹಸುವಿನ ರಕ್ತದಲ್ಲೂ ಈ ವೈರಸ್ ಸದ್ದಿಲ್ಲದೆ ಇರಬಲ್ಲದು. ಹಸು ನೋಡಲು ಚೆನ್ನಾಗೇ ಇರುತ್ತೆ.

ನಾನು ಓದಿದ್ದು ಇಂಜಿನಿಯರಿಂಗ್. ಸರ್ಕ್ಯೂಟ್ ನೋಡಿದರೆ ಮೊದಲು ಹುಡುಕೋದು ಎಲ್ಲಿ ಕತ್ತರಿಸಬೇಕು ಅಂತ. ಇಲ್ಲಿ ಕತ್ತರಿಸಬೇಕಾದ ತಂತಿ ಎರಡು.

ಒಂದು, ಲಸಿಕೆ. ಭಾರತದಲ್ಲಿ ಈ ವೈರಸ್‌ನ 20ಕ್ಕೂ ಹೆಚ್ಚು ಬಗೆ ಕಂಡುಬಂದಿವೆ. ಒಂದು ಬಗೆಯ ರಕ್ಷಣೆ ಇನ್ನೊಂದಕ್ಕೆ ಸಾಲದು. ಅದಕ್ಕೇ ಇಲ್ಲಿ ತಯಾರಾದ ಲಸಿಕೆಯಲ್ಲಿ ಐದು ಬಗೆ ಸೇರಿಸಿದ್ದಾರೆ. ಅದನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕು. ರೋಗ ಬಂದ ಮೇಲೆ ವೈರಸ್ ಕೊಲ್ಲುವ ಔಷಧಿ ಇಲ್ಲ. ನೆರಳು, ಗಂಜಿ, ಹುಣ್ಣಿನ ಆರೈಕೆ, ಡಾಕ್ಟರ್ ಹೇಳಿದ ಇಂಜೆಕ್ಷನ್, ಅಷ್ಟೇ.

ಎರಡನೆಯದು, ಸಂತೆ. ಹೆದರಿ ಕಾಯಿಲೆ ಕುರಿಯನ್ನು ಅರ್ಧ ರೇಟಿಗೆ ಮಾರಿಬಿಡ್ತೀವಿ. ಆ ಕುರಿ ಇನ್ನೊಂದು ಊರಿಗೆ ಹೋಗುತ್ತೆ, ಅಲ್ಲಿನ ನೊಣ ಅದನ್ನು ಕಚ್ಚುತ್ತೆ. ನಮಗೆ ಸಿಕ್ಕಿದ್ದು ಅರ್ಧ ದುಡ್ಡು, ಆ ಊರಿಗೆ ಸಿಕ್ಕಿದ್ದು ಪೂರ್ತಿ ರೋಗ.

ಕುರಿ ಕುಂಟಿದ ದಿನವೇ 1962ಕ್ಕೆ ಫೋನ್ ಮಾಡಿ. ಸತ್ತರೆ ಡಾಕ್ಟರ್ ನೋಡುವ ಮುಂಚೆ ಹೂಳಬೇಡಿ. 2023ರ ಬಜೆಟ್‌ನಲ್ಲಿ ಮತ್ತೆ ಬಂದ ಅನುಗ್ರಹ ಯೋಜನೆಯಲ್ಲಿ ಕುರಿಗೆ 5,000 ರೂಪಾಯಿ ಪರಿಹಾರ ಅಂತ ಆಗ ಹೇಳಿದ್ದರು. ಕೇಳಿ ಪಡೆಯಿರಿ, ಅದು ಭಿಕ್ಷೆ ಅಲ್ಲ.

ಇನ್ನು ಇಲಾಖೆಗೆ ಒಂದು ಮಾತು. ಲಸಿಕೆ ಹಟ್ಟಿ ಬಾಗಿಲಿಗೆ ಬರಬೇಕಾದ್ದು ಮಳೆಗೆ ಮುಂಚೆ, ಕುರಿ ಸತ್ತ ಮೇಲಲ್ಲ.